ಜಾಲಗುಟ್ಟೆ ಸ್ಟೇಷನ್ನಿನ ವಕಾಲತ್ತು

ಒಂದು ಇಂಗ್ಲಿಷ್ ಕಾಗದವನ್ನು ಗಟ್ಟಿಯಾಗಿ ಓದಿದ್ದೇ ವೆಂಕಟರವಣಪ್ಪ ಮಾಡಿದ ತಪ್ಪು. ಮನಸ್ಸಿನಲ್ಲೇ ಓದಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಜಾಲಗುಟ್ಟೆ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಆತ ಟಿಕೆಟ್ ಗುಮಾಸ್ತ. ಆಗ ೧೯೫೮ನೇ ಇಸವಿ. ಆಟದ ಸಾಮಾನಿನಂಥ ಪುಟ್ಟ ಹಳಿಯ ಮೇಲೆ ದಿನಕ್ಕೆ ಎರಡು ಗಾಡಿ ಹೋಗಿ ಎರಡು ಗಾಡಿ ಬರುತ್ತಿದ್ದವು. ಸ್ಟೇಷನ್ನಿನ ಪೋರ್ಟರ್ ಖಾಜಾ ಪೀರನಿಗೆ ಒಂದು ದಿನ ಬೆಂಗಳೂರಿನಿಂದ ಚಾರ್ಜ್‌ಶೀಟು ಬಂತು. ಅವನಿಗೆ ಓದಲು ಬಾರದು. ನಲ್ಲಿಯ ಹತ್ತಿರ ನಿಂತು ವೆಂಕಟರವಣಪ್ಪ ಅದನ್ನು ಓದಿ ಅರ್ಥ ಹೇಳಿದ. ಪಕ್ಕದಲ್ಲಿ ಗೇಟ್‌ಮನ್ನನ ಹೆಂಡತಿ ಓಬಳಮ್ಮ ಬಿಂದಿಗೆ ತೊಳೆಯುತ್ತಿದ್ದಳು.

"ಅಬ್ಬ! ಏಮಿ ಇಂಗ್ಲೀಷು!" ಎಂದಳು ಓಬಳಮ್ಮ. "ಲಾಯರು ಓದ್ದಂಗೆ ಓದ್ಬಿಟ್ರಲ್ಲ ಸ್ವಾಮಿ."

ಆ ಮಾತು ಸಂಜೆಯೊಳಗೆ ಕ್ವಾರ್ಟರ್ಸಿನ ಆರು ಮನೆಗೂ ಹರಡಿತು. ವೆಂಕಟರವಣಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಅದನ್ನು ಅಲ್ಲಗಳೆಯಲಿಲ್ಲ. "ನಮ್ಮೋರು ಕಾನೂನು ಓದ್ಬೇಕು ಅಂತಾನೇ ಇದ್ರು. ಅಷ್ಟರಲ್ಲಿ ಮದುವೆ ಆಗೋಯ್ತು" ಎಂದು ಎರಡು ಮಾತು ಸೇರಿಸಿದಳು.

ಚಾರ್ಜ್‌ಶೀಟಿನ ಸಂಗತಿ ಇಷ್ಟು. ಕೆಂಚಾರ್ಲಹಳ್ಳಿಯ ರೈತರು ಶಿಡ್ಲಘಟ್ಟದ ವ್ಯಾಪಾರಿ ನೂರುಲ್ಲಾ ಸಾಹೇಬರಿಗೆಂದು ಹನ್ನೊಂದು ಬುಟ್ಟಿ ರೇಷ್ಮೆಗೂಡನ್ನು ಜಾಲಗುಟ್ಟೆಯಲ್ಲಿ ರೈಲಿಗೆ ಒಪ್ಪಿಸಿದ್ದರು. ಬುಟ್ಟಿಗಳು ಗಾಡಿ ಹತ್ತಲಿಲ್ಲ. ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ನಾಲ್ಕು ದಿನ ಕೂತವು. ಐದನೆಯ ದಿನ ಗೂಡೊಡೆದು ಸಾವಿರಾರು ಚಿಟ್ಟೆಗಳು ಹೊರಬಂದು, ಸ್ಟೇಷನ್ ಮಾಸ್ಟರ ಮೇಜು, ದೀಪ, ಮೊಸರನ್ನದ ಡಬ್ಬಿ ಎಲ್ಲದರ ಮೇಲೂ ಮದುವೆಮನೆಯ ನೆಂಟರ ಹಾಗೆ ಕೂತುಬಿಟ್ಟವು. ನೂರುಲ್ಲಾ ಸಾಹೇಬರು ಮೇಲಿನವರೆಗೂ ದೂರು ಕೊಟ್ಟರು. ಬುಟ್ಟಿ ಹತ್ತಿಸಬೇಕಾದವನು ಪೋರ್ಟರ್, ಆದ್ದರಿಂದ ತಪ್ಪು ಪೋರ್ಟರನದು ಎಂದು ಮೇಲಿನವರು ತೀರ್ಮಾನಿಸಿದರು. ರುಜುವಾತಾದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ ಕ್ವಾರ್ಟರ್ಸೂ ಹೋಗುತ್ತದೆ. ಖಾಜಾ ಪೀರನಿಗೆ ಹೆಂಡತಿ ಬಾನು, ನಾಲ್ಕು ಮಕ್ಕಳು, ಕಣ್ಣು ಕಾಣದ ತಾಯಿ.

ಆದರೂ ಒಂದು ಧೈರ್ಯವಿತ್ತು. ಖಾಜಾ ಪೀರ್ ಯೂನಿಯನ್ನಿನ ಸದಸ್ಯ. ಅವನ ಪರವಾಗಿ ವಾದಿಸಲು ಬೆಂಗಳೂರಿನಿಂದ ಯೂನಿಯನ್ ಕಾರ್ಯದರ್ಶಿಯೇ ಬರುವವರಿದ್ದರು. ವೆಂಕಟರವಣಪ್ಪ ಸದಸ್ಯನಲ್ಲ. ಯೂನಿಯನ್ ಎಂದರೆ ಅವನಿಗೆ ಮೊದಲು ಕಾಣುತ್ತಿದ್ದದ್ದು ಲಾಠಿ, ಆಮೇಲೆ ಜೈಲು.

ವಿಚಾರಣೆಯ ದಿನ ಬೆಳಗಿನ ಗಾಡಿಯಲ್ಲಿ ವಿಚಾರಣಾಧಿಕಾರಿ ಇಳಿದರು. ಕಡ್ಡಿಯಂಥ ಆಸಾಮಿ, ಕಾಸಿದ ನೀರಿನ ಫ್ಲಾಸ್ಕು, ನಗು ಎಂಬುದನ್ನು ಸರ್ವಿಸಿಗೆ ಸೇರಿದ ದಿನವೇ ಸರೆಂಡರ್ ಮಾಡಿದ ಮುಖ. ಕಾರ್ಯದರ್ಶಿ ಮಾತ್ರ ಇಳಿಯಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಾರ್ಯದರ್ಶಿಗೆ ಗಾಡಿ ತಪ್ಪಿದೆ, ಮೂರೂವರೆ ಗಾಡಿಗೆ ಬರುತ್ತಾರೆ.

"ನಾನು ಎರಡು ಗಂಟೆ ಗಾಡಿಗೆ ವಾಪಸ್ ಹೋಗ್ಬೇಕು" ಎಂದರು ಅಧಿಕಾರಿ. "ರೂಲ್ ಪ್ರಕಾರ ಜೊತೆಗಾರ ನೌಕರ ಯಾರು ಬೇಕಾದ್ರೂ ಇವನ ಪರ ಮಾತಾಡಬಹುದು. ಯಾರೂ ಇಲ್ದಿದ್ರೆ ಇವನೇ ಮಾತಾಡ್ಲಿ. ಹನ್ನೊಂದಕ್ಕೆ ಶುರು."

ಸ್ಟೇಷನ್ ಮಾಸ್ಟರ್ ಚನ್ನಕೇಶವಯ್ಯ ಸಾಕ್ಷಿ, ಅವರು ಮಾತಾಡುವಂತಿಲ್ಲ. ಪಾರ್ಸಲ್ ಗುಮಾಸ್ತನಿಗೆ ಹಿಂದಿನ ತಿಂಗಳೇ ಗೌರಿಬಿದನೂರಿಗೆ ವರ್ಗವಾಗಿತ್ತು. ಗೇಟ್‌ಮನ್ನನಿಗೂ ಓದಲು ಬಾರದು. ಉಳಿದವನು ಒಬ್ಬನೇ. ಟಿಕೆಟ್ ಕಿಂಡಿಯ ಮುಂದೆ ಓಬಳಮ್ಮ, ರಾಮಲಕ್ಷ್ಮಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಾನು, ಮೂವರೂ ಬಂದು ನಿಂತರು.

"ನನಗೇನೂ ಗೊತ್ತಿಲ್ಲಮ್ಮ" ಎಂದ ವೆಂಕಟರವಣಪ್ಪ ಕಿಂಡಿಯೊಳಗಿಂದ.

"ಗೊತ್ತಿಲ್ದೇನೇ ಅಷ್ಟು ಇಂಗ್ಲೀಷು ಓದಿದ್ರಾ?" ಎಂದಳು ಓಬಳಮ್ಮ.

"ಹೋಗ್ರೀ, ಆರು ಮನೆಯವರ ಮುಂದೆ ನನ್ನ ಮಾನ ಕಳೀಬೇಡಿ" ಎಂದಳು ರಾಮಲಕ್ಷ್ಮಮ್ಮ.

ಬಾನು ಕಿಂಡಿಯ ಮುಂದೆ ಎರಡು ಕೈ ಮುಗಿದಳು. ಅದೇ ಅವನಿಗೆ ಕಷ್ಟವಾಯಿತು. ಕಿಂಡಿ ಮುಚ್ಚಿ ಹೊರಗೆ ಬಂದ.

ವಿಚಿತ್ರವೆಂದರೆ ಖಾಜಾ ಪೀರನಿಗೇ ಇದು ಇಷ್ಟವಾಗಲಿಲ್ಲ. "ನೀವು ಬೇಡ ಸ್ವಾಮಿ. ನಾನೇ ಕೈ ಮುಗಿದು ತಪ್ಪಾಯ್ತು ಅಂತೀನಿ."

"ತಪ್ಪಾಯ್ತು ಅಂದ್ರೆ ಕೆಲಸ ಹೋಗುತ್ತೆ ಕಣಯ್ಯ!"

"ಹೋದ್ರೆ ಹೋಗ್ಲಿ. ಖುದಾ ಇದಾನೆ."

ವೆಂಕಟರವಣಪ್ಪನಿಗೆ ಅವಮಾನವಾಯಿತು. ಇಷ್ಟು ಹೊತ್ತೂ ಹೆದರಿಕೆಯಿದ್ದ ಜಾಗದಲ್ಲಿ ಈಗ ಹಟ ಬಂದು ಕೂತಿತು. ಬೀರುವಿನ ಮೇಲಿನಿಂದ ನಿಯಮಗಳ ದಪ್ಪ ಪುಸ್ತಕ ಇಳಿಸಿ ಧೂಳು ಕೊಡವಿ ಹುಡುಕತೊಡಗಿದ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸಿಕ್ಕಿತು. "ಗುಮಾಸ್ತರು ಲೇಬಲ್ ಅಂಟಿಸದ ಹೊರತು ಪೋರ್ಟರು ಯಾವ ಪಾರ್ಸಲನ್ನೂ ಗಾಡಿಗೆ ಹತ್ತಿಸಕೂಡದು."

"ಖಾಜಾ! ಆ ಬುಟ್ಟಿಗಳ ಮೇಲೆ ಲೇಬಲ್ ಇತ್ತಾ?"

ಖಾಜಾ ಪೀರ್ ನೆಲ ನೋಡಿದ. "ಆ ಪುಸ್ತಕ ಮುಚ್ಬಿಡಿ ಸ್ವಾಮಿ."

"ಇತ್ತೋ ಇಲ್ವೋ?"

"ಇರ್ಲಿಲ್ಲ."

"ಹಾಗಾದ್ರೆ ಗೆದ್ವಿ ಬಾ!"

ಸ್ಟೇಷನ್ ಮಾಸ್ಟರ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಕಿಟಕಿಯ ಸರಳಿನ ಆಚೆ ಆರು ಮನೆಯ ಹೆಂಗಸರ ಮುಖಗಳು ಒಂದರ ಮೇಲೊಂದು ಜೋಡಿಸಿಟ್ಟಂತಿದ್ದವು. ಅಧಿಕಾರಿ ಆರೋಪ ಓದಿದರು. ಬುಟ್ಟಿ ಹತ್ತಿಸಲಿಲ್ಲ ನಿಜವೇ? ನಿಜ. ನಾಲ್ಕು ದಿನ ಬಿದ್ದಿತ್ತು ನಿಜವೇ? ನಿಜ. "ಸರಿ ಹಾಗಾದರೆ" ಎಂದು ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನು ಕಾಗದದಿಂದ ಒಂದು ಅಂಗುಲ ಮೇಲಿದ್ದಾಗ ವೆಂಕಟರವಣಪ್ಪ ಎದ್ದ.

"ಸಾರ್, ಒಂದು ನಿಯಮ ಇದೆ."

ಓದಿದ. ಓದುತ್ತಾ ಹೋದಂತೆ ದನಿ ಗಟ್ಟಿಯಾಯಿತು. ಲೇಬಲ್ ಇರಲಿಲ್ಲ. ಲೇಬಲ್ ಇಲ್ಲದ ಬುಟ್ಟಿ ಮುಟ್ಟಿದ್ದರೇ ಅದು ಪೋರ್ಟರನ ತಪ್ಪಾಗುತ್ತಿತ್ತು. ಮುಟ್ಟದೆ ಇದ್ದದ್ದು ಕರ್ತವ್ಯಪಾಲನೆ! "ಇಂಥವನಿಗೆ ಬಹುಮಾನ ಕೊಡಬೇಕಾಗಿತ್ತು ಸಾರ್, ಚಾರ್ಜ್‌ಶೀಟಲ್ಲ" ಎಂದು ಮೇಜು ಗುದ್ದಿದ. ಫ್ಲಾಸ್ಕು ಎಗರಿತು. ಕಿಟಕಿಯಲ್ಲಿ ಬಳೆಗಳ ಸದ್ದಾಯಿತು.

ಅಧಿಕಾರಿ ಪುಸ್ತಕ ತಿರುಗಿಸಿಕೊಂಡು ನೋಡಿದರು. "ಸರಿಯಾಗಿದೆ" ಎಂದರು ಮೆಲ್ಲಗೆ. "ತಪ್ಪು ಲೇಬಲ್ ಅಂಟಿಸಬೇಕಾಗಿದ್ದವನದು. ಪಾರ್ಸಲ್ ಗುಮಾಸ್ತ ಎಲ್ಲಿ?"

"ಆವತ್ತು ಅವರು ರಜೆ ಸಾರ್. ತಂಗಿ ಮದುವೆ. ಹಾಜರಿ ಪುಸ್ತಕದಲ್ಲೇ ಇದೆ!" ಎಂದ ವೆಂಕಟರವಣಪ್ಪ. ಅವನೀಗ ತಡೆಯಿಲ್ಲದ ಇಳಿಜಾರಿನಲ್ಲಿದ್ದ.

"ರಜೆಯಿದ್ದಾಗ ಯಾರು ಮಾಡಬೇಕು? ಮುಂದೆ ಓದಿ."

"ಪಾರ್ಸಲ್ ಗುಮಾಸ್ತನು ರಜೆಯ ಮೇಲಿದ್ದಲ್ಲಿ" ಎಂದು ವೆಂಕಟರವಣಪ್ಪ ಗಟ್ಟಿಯಾಗಿ ಶುರುಮಾಡಿದ, "ಅವನ ಎಲ್ಲ ಕೆಲಸಗಳಿಗೂ ಆ ಹೊತ್ತಿನ..." ದನಿ ಇಳಿಯಿತು. "...ಟಿಕೆಟ್ ಗುಮಾಸ್ತನು..." ಎಂದ. ಕೊನೆಯ ಮಾತು ತುಟಿಯಿಂದಾಚೆ ಬರಲಿಲ್ಲ.

ಆಗ ನೆನಪಾಯಿತು. ಆವತ್ತು ಮದುವೆ ದಿಬ್ಬಣದವರು ಅರವತ್ತು ಜನ ಕಿಂಡಿಗೆ ಮುತ್ತಿಕೊಂಡಿದ್ದರು. ಚನ್ನಕೇಶವಯ್ಯನವರು ಒಂದು ರಿಜಿಸ್ಟರು ಮುಂದಿಟ್ಟು, ಇವತ್ತು ಪಾರ್ಸಲೂ ನೀವೇ ನೋಡ್ಕೊಳ್ಳಿ ಎಂದಿದ್ದರು. ಅವನು ಟಿಕೆಟ್ ಹರಿಯುತ್ತಲೇ ಸಹಿ ಹಾಕಿದ್ದ.

ಚನ್ನಕೇಶವಯ್ಯ ಆ ರಿಜಿಸ್ಟರನ್ನು ಅಧಿಕಾರಿಯ ಮುಂದೆ ಸರಿಸಿದರು. ಸಹಿ ಎರೆಹುಳು ಒದ್ದಾಡಿದ ಹಾಗಿತ್ತು.

"ಇದು ಯಾರ ಸಹಿ?"

ಥಟ್ಟನೆ ಖಾಜಾ ಪೀರ್ ಮುಂದೆ ಬಂದ. "ಸಾರ್, ತಪ್ಪು ನಂದೇ ಅಂತ ಬರ್ಕೊಂಬಿಡಿ. ಇವರ ಮಾತು ಬಿಟ್ಬಿಡಿ ಸಾರ್."

ವೆಂಕಟರವಣಪ್ಪ ಕಿಟಕಿಯ ಕಡೆ ನೋಡಿದ. ಬಾನು ಎರಡು ಕೈಯಲ್ಲೂ ಸರಳು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವನ ಹೆಂಡತಿ ಹೆಮ್ಮೆಯಿಂದ ಕತ್ತೆತ್ತಿ ನಿಂತಿದ್ದಳು, ಅವಳಿಗಿನ್ನೂ ಏನೂ ತಿಳಿದಿರಲಿಲ್ಲ.

"ನಂದು ಸಾರ್" ಎಂದ.

ಎರಡು ಗಂಟೆಯೊಳಗೆ ಎಲ್ಲ ಮುಗಿಯಿತು. ಖಾಜಾ ಪೀರ್ ನಿರ್ದೋಷಿ. ವೆಂಕಟರವಣಪ್ಪನ ಮೇಲೆ ಚಾರ್ಜ್‌ಶೀಟು. ಅದರ ಕೊನೆಯಲ್ಲಿ ಸಾಕ್ಷ್ಯಗಳ ಪಟ್ಟಿ: ಒಂದನೆಯದು, ಆರೋಪಿಯೇ ಮಂಡಿಸಿದ ವಾದ, ಎರಡನೆಯದು, ಬುಟ್ಟಿಗಳಿಗೆ ಲೇಬಲ್ ಇರಲಿಲ್ಲವೆಂಬ ಪೋರ್ಟರ್ ಖಾಜಾ ಪೀರನ ಹೇಳಿಕೆ. "ಚೆನ್ನಾಗಿ ವಾದ ಮಾಡಿದ್ರಿ" ಎಂದು ಹೇಳಿ ಅಧಿಕಾರಿ ಗಾಡಿ ಹತ್ತಿದರು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತರು.

"ನಿನಗೆ ಮೊದಲೇ ಗೊತ್ತಿತ್ತಾ?"

"ಲೇಬಲ್ ಆಮೇಲೆ ಅಂಟಿಸ್ತೀನಿ ಇರು ಅಂದಿದ್ರಿ. ನಾಲ್ಕು ದಿನ ಕಾದೆ ಸ್ವಾಮಿ."

"ಇಷ್ಟು ದಿನ ಯಾಕಯ್ಯ ಬಾಯಿ ಬಿಡಲಿಲ್ಲ?"

"ನನಗಾದ್ರೆ ಯೂನಿಯನ್ ಇತ್ತು" ಎಂದ ಖಾಜಾ ಪೀರ್ ಸಂಕೋಚದಿಂದ. "ನಿಮಗೆ ಯಾರಿದ್ರು?"

ಮೂರೂವರೆ ಗಾಡಿಯಿಂದ ಯೂನಿಯನ್ ಕಾರ್ಯದರ್ಶಿ ಫೈಲು ಅವುಚಿಕೊಂಡು ಹಾರಿ ಇಳಿದರು. ನಡೆದದ್ದು ಕೇಳಿ ವೆಂಕಟರವಣಪ್ಪನನ್ನು ಅಪ್ಪಿಕೊಂಡರು. "ಈ ಲೈನಿನಲ್ಲಿ ನಮ್ಮ ಮೊದಲನೇ ಜಯ ಸಾರ್! ಇಪ್ಪತ್ತು ವರ್ಷದಿಂದ ಇದೀನಿ, ಆ ಪುಸ್ತಕದಲ್ಲಿ ಆ ನಿಯಮ ನಾನೇ ನೋಡಿರಲಿಲ್ಲ."

"ಹಾಗಾದ್ರೆ ನನ್ನ ಕೇಸು ನೀವು ತಗೊಳ್ಳಿ ಸಾರ್. ಈಗಲೇ ಸದಸ್ಯ ಆಗ್ತೀನಿ."

ಕಾರ್ಯದರ್ಶಿಯ ಮುಖ ಬಾಡಿತು. "ಖಂಡಿತ ಆಗಿ. ಆದರೆ ಸದಸ್ಯರಾಗೋಕೆ ಮುಂಚಿನ ಕೇಸಿಗೆ ನಾವು ನಿಲ್ಲೋ ಹಾಗಿಲ್ಲ, ನಮ್ಮ ನಿಯಮ. ಬೇಜಾರು ಮಾಡ್ಕೋಬೇಡಿ. ಜೊತೆಗಾರ ನೌಕರ ಯಾರಾದ್ರೂ ಮಾತಾಡಬಹುದಲ್ಲ?"

ಗೇಟ್‌ಮನ್ನನನ್ನು ಬಿಟ್ಟರೆ ಇದ್ದ ಜೊತೆಗಾರರು ಇಬ್ಬರೇ, ಮಾಸ್ಟರು ಮತ್ತು ಪೋರ್ಟರು. ಇಬ್ಬರೂ ಎದುರು ಸಾಕ್ಷಿಗಳು.

"ನಿಮಗೆ ನೀವೇ ಸಾಕು ಬಿಡಿ" ಎಂದರು ಕಾರ್ಯದರ್ಶಿ. ಫೈಲಿನಿಂದ ಒಂದು ಕಾಗದ ತೆಗೆದು, ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ನೌಕರರ ಪರ ವಾದಿಸುವ ಪ್ರತಿನಿಧಿ ಎಂದು ಅವನ ಹೆಸರು ಬರೆದೇಬಿಟ್ಟರು.

ಸುದ್ದಿ ಟ್ರಾಲಿಗಿಂತ ಜೋರಾಗಿ ಓಡಿತು. ಐದು ಗಂಟೆಗೆ ಹಳಿ ರಿಪೇರಿಯ ಗ್ಯಾಂಗಿನ ಮುನಿಗಂಗಪ್ಪ ಶಿಡ್ಲಘಟ್ಟದ ಕಡೆಯಿಂದ ಬೆವರು ಸುರಿಸುತ್ತಾ ಬಂದ. ಅವನ ಕೈಯಲ್ಲೂ ನಾಲ್ಕಾಗಿ ಮಡಿಸಿದ ಒಂದು ಇಂಗ್ಲಿಷ್ ಕಾಗದವಿತ್ತು. ಅವನಿಗೆ ದಾರಿ ತೋರಿಸಿ ಕರೆತಂದವಳು ಓಬಳಮ್ಮ.

"ಸಾಬ್ರನ್ನ ಬಿಡಿಸಿದ್ರಂತಲ್ಲ ಸ್ವಾಮಿ. ನನ್ನನ್ನೂ ಬಿಡಿಸ್ಬೇಕು. ಹೋದ ತಿಂಗಳು ನಿಮ್ಮ ಸ್ಟೇಷನ್ನಿಗೆ ಹಾರೆ, ಪಿಕಾಸಿ ಬಂದಿದ್ವಲ್ಲ, ಕಳೆದೋಗವೆ ಅಂತ ನನ್ ಮೇಲೆ ಹಾಕವ್ರೆ. ಸ್ವಲ್ಪ ಓದಿ ಹೇಳಿ ಸ್ವಾಮಿ."

ವೆಂಕಟರವಣಪ್ಪ ಕಾಗದ ಮುಟ್ಟಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಅದೆಲ್ಲ ಆಮೇಲೆ ಓದಣ" ಎಂದ. "ಮೊದಲು ಹೇಳಪ್ಪ, ಆವತ್ತು ಡ್ಯೂಟಿ ಮೇಲೆ ಯಾರಿದ್ರು?"

ಮುನಿಗಂಗಪ್ಪ ತಲೆ ಕೆರೆದುಕೊಳ್ಳುತ್ತಾ ಖಾಜಾ ಪೀರನ ಮುಖ ನೋಡಿದ. ಖಾಜಾ ಪೀರ್ ವೆಂಕಟರವಣಪ್ಪನ ಕಡೆ ಒಮ್ಮೆ ನೋಡಿ, ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ಸರಸರನೆ ಹೊರಟುಹೋದ.