ಯಾರಿಗೂ ಕಾಣದ ಡ್ರಿಲ್

ಹೆತ್ತ ಹೆಂಗಸರಿಗೆ ಇಂಥದ್ದು ಆಗುತ್ತಲೇ ಇರುತ್ತದೆ, ಬಾಯಿ ಬಿಟ್ಟು ಹೇಳುವವರು ಮಾತ್ರ ಇಲ್ಲ. ನನಗೆ ನಾಚಿಕೆ ಸ್ವಲ್ಪ ಕಡಿಮೆ, ಹಾಗಾಗಿ ಹೇಳ್ತೇನೆ. ನಾನು ಮಂಗಳೂರಿನ ಕಂಕನಾಡಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್.

೧. ಜಂಬ

ಬಸುರಿನ ಆರನೇ ತಿಂಗಳಲ್ಲಿ ಆಸ್ಪತ್ರೆಯ ಫಿಸಿಯೋ ಮೇಡಂ, ಮೂತ್ರ ತಡೆದು ಹಿಡಿಯುವ ಸ್ನಾಯುಗಳಿಗೂ ವ್ಯಾಯಾಮ ಉಂಟು, ಈಗಲೇ ಶುರು ಮಾಡಿ ಎಂದರು. ಇಡೀ ಶಾಲೆಗೆ ವ್ಯಾಯಾಮ ಕಲಿಸುವ ನನಗೇ ಪಾಠವಾ! ತಲೆ ಆಡಿಸಿ ಬಂದೆ. ಅವರು ಕೊಟ್ಟ ಕಾಗದ ಹುರಿದ ಬಂಗುಡೆ ಮೀನಿನ ಎಣ್ಣೆ ಹೀರುವುದಕ್ಕೆ ಆಯಿತು.

ಹೆರಿಗೆಯಾಗಿ ಎರಡನೇ ವಾರ ಒಂದು ಸೀನು ಬಂತು. ಜೊತೆಗೆ ಇನ್ನೊಂದೂ ಬಂತು. ಸೀನಿಗೇ ಹೀಗಾದರೆ ವಿಸಿಲ್ ಊದುವಾಗ ಎಂತ ಗತಿ? ಬಾಗಿಲು ಹಾಕಿ ಊದಿ ನೋಡಿದೆ. ಮಗು ಬೆಚ್ಚಿ ಅತ್ತಿತು, ನಾನು ನೈಟಿ ಬದಲಿಸಿದೆ. ವಿಸಿಲ್ ಊದಲಾಗದ ಪಿ.ಟಿ. ಟೀಚರನ್ನು ಶಾಲೆ ಇಟ್ಟುಕೊಂಡು ಎಂತ ಮಾಡಬೇಕು? ನಿಜಕ್ಕೂ ಹೆದರಿಕೆಯಾಯಿತು. ರಜೆ ಮುಗಿಯಲು ಇನ್ನೂ ಐದು ತಿಂಗಳಿತ್ತು. ಅಷ್ಟರೊಳಗೆ ಸರಿಮಾಡದಿದ್ದರೆ ನಾನು ನಾನೇ ಅಲ್ಲ ಎಂದು ಹಟ ಹಿಡಿದೆ.

೨. ಎದೆ ಅಲ್ಲ

ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಅಮ್ಮನ ಆರ್ಡರ್. ಫಿಸಿಯೋ ಮೇಡಮಿಗೆ ವಿಡಿಯೋ ಕಾಲ್ ಮಾಡಿದೆ. ಒಳಗಿಂದ ಮೇಲಕ್ಕೆ ಎಳೆದು ಹಿಡಿಯಿರಿ ಎಂದರು. ನಾನು ಹಿಮ್ಮಡಿ ಜೋಡಿಸಿ, ಎದೆ ಉಬ್ಬಿಸಿ, ಉಸಿರು ಕಟ್ಟಿ ನಿಂತೆ.

ಮೇಡಂ ಕೈ ಅಡ್ಡ ಆಡಿಸಿದರು. "ಇದು ಆಗಸ್ಟ್ ಹದಿನೈದಕ್ಕೆ ಸರಿ. ನನಗೆ ಬೇಕಾದದ್ದು ಕೆಳಗೆ."

ಮೂತ್ರ, ವಾಯು ಎರಡನ್ನೂ ಒಟ್ಟಿಗೆ ತಡೆದ ಹಾಗೆ ಬಿಗಿ ಹಿಡಿಯಬೇಕಂತೆ. ಉಸಿರು ಆಡುತ್ತಿರಬೇಕು, ಹೊರಗೆ ಎಂತದೂ ಕಾಣಬಾರದು. ಹತ್ತು ಎಣಿಸಿ ಪೂರ್ತಿ ಬಿಡಬೇಕು. ಜಿಲ್ಲಾ ಮಟ್ಟದಲ್ಲಿ ಓಡಿದ ನನಗೆ ಅಂದು ಆದದ್ದು ಮೂರೇ ಎಣಿಕೆ. ಅಳು ಬಂತು. ಮೂಗು ಒರೆಸಿಕೊಂಡು ಮತ್ತೆ ಒಂದರಿಂದ ಶುರುಮಾಡಿದೆ.

೩. ಅಮ್ಮನ ಫೋನು

ದಿನಕ್ಕೆ ಮೂರು ಹೊತ್ತು, ಬಿಡದೆ. ಒಂದು ಬೆಳಿಗ್ಗೆ ಬಿಸಿನೀರಿನ ಸ್ನಾನ ಮಾಡಿಸಿ ಮಲಗಿಸಿದ ಅಮ್ಮ, ನಾನು ಜಂತಿ ನೋಡುತ್ತ ಅಲುಗಾಡದೆ ಬಿದ್ದಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಎಂತ ಚಿಂತೆ ಮಗಾ ಎಂದು ಕೇಳಿದರು. ಚಿಂತೆ ಎಂತ ಇಲ್ಲ, ವ್ಯಾಯಾಮ ಮಾಡ್ತಿದ್ದೇನೆ ಎಂದೆ.

ಅಮ್ಮ ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನದೊಂದು ಬೆರಳೂ ಅಲುಗುತ್ತಿರಲಿಲ್ಲ. ಮೆಲ್ಲ ಹೊರಗೆ ಹೋಗಿ ನನ್ನ ಗಂಡನಿಗೆ ಫೋನ್ ಮಾಡಿದರು. "ನೀವು ಒಮ್ಮೆ ಬಂದು ಹೋಗಿ. ಮಗು ಆರಾಮ ಉಂಟು. ತಾಯಿಯದ್ದೇ ಸ್ವಲ್ಪ ಡೌಟು."

೪. ಆಕ್ಷೇಪ ಉಂಟಾ?

ರಜೆ ಮುಗಿದು ಶಾಲೆಗೆ ಹೋದ ಮೊದಲ ದಿನ. ಎದುರಿಗೆ ಇಡೀ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಕೆಳಗೆ ಬಿಗಿ ಹಿಡಿದು ವಿಸಿಲ್ ಊದಿದೆ. ಒಂದು ಹನಿ ಇಲ್ಲ! ಖುಷಿ ತಡೆಯದೆ ಮತ್ತೆರಡು ಸಲ ಊದಿದೆ. ಮಕ್ಕಳು ಒಮ್ಮೆ ಚದುರಿ, ಪುನಃ ಸಾಲು ನಿಂತರು.

ಲೇಡೀಸ್ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ ಎಂದುಕೊಂಡಿದ್ದೆ. ನಿವೃತ್ತಿಗೆ ಹತ್ತಿರವಾದ ಕನ್ನಡ ಟೀಚರ್ ಎದ್ದು ಬಾಗಿಲು ಹಾಕಿದರು. "ನಮ್ಮ ಪ್ರಾಯದವರಿಗೂ ಇದರಿಂದ ಗುಣ ಆಗ್ತದಾ ಮಾರಾಯ್ತಿ? ಕೆಮ್ಮು ಬಂದರೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ."

ಆಗ್ತದೆ ಎಂದೆ. ಒಂಬತ್ತು ಜನ ಹೆಂಗಸರಿಗೂ ಅಲ್ಲೇ ಕಲಿಸಿದೆ. ಯಾರಿಗೂ ಕಾಣುವುದಿಲ್ಲ, ಎಲ್ಲಿ ಕೂತರೂ ಮಾಡಿ, ಎಣಿಕೆ ತಪ್ಪಿದರೆ ಮಾತ್ರ ಮೊದಲಿನಿಂದ ಎಂದು ಪಿ.ಟಿ. ಟೀಚರಿನ ಗತ್ತಿನಲ್ಲೇ ಹೇಳಿದೆ.

ಆ ವಾರದ ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಶನಿವಾರ ಮಧ್ಯಾಹ್ನವೂ ಸ್ಪೆಷಲ್ ಕ್ಲಾಸ್ ಇಡುವ ವಿಷಯ ತೆಗೆದರು. ಹಿಂದಿನ ವರ್ಷ ಇದೇ ಮಾತಿಗೆ ನಾವು ಹೆಂಗಸರೆಲ್ಲ ಸೇರಿ ಅವರ ಬೆವರಿಳಿಸಿದ್ದೆವು. ಈ ಸಲ ನೋಡಿದರೆ ಹತ್ತೂ ಹೆಂಗಸರು ಬೆನ್ನು ನೆಟ್ಟಗೆ, ಮುಖ ಶಾಂತ, ಒಂದು ಪಿಸುಮಾತೂ ಇಲ್ಲ. ಹೆಡ್‌ಮಾಸ್ಟರಿಗೇ ಆಶ್ಚರ್ಯವಾಯಿತು. "ಯಾರದ್ದಾದರೂ ಆಕ್ಷೇಪ ಉಂಟಾ?"

ನಾನು ಏಳನೇ ಎಣಿಕೆಯಲ್ಲಿದ್ದೆ. ಕನ್ನಡ ಟೀಚರ್ ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿದರು, ಬಾಯಿ ಮಾತ್ರ ತೆರೆಯಲಿಲ್ಲ. ನಾವು ಹತ್ತು ಎಣಿಸಿ ಬಿಡುವಷ್ಟರಲ್ಲಿ ಶನಿವಾರ ಮಧ್ಯಾಹ್ನ ಹೋಗಿಯಾಗಿತ್ತು.