ಎಂಟು ಹಾಡಿಗೆ ಸಹಿ ಸಂಗ್ರಹ

ನನಗೆ ಸಿಟ್ಟು ಬೇಗ ಬರುತ್ತದೆ. ಸಿಟ್ಟು ಬಂದಲ್ಲಿ ನಗು ಬರಬಾರದು ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ, ನಾನು ಹುಡುಕಿ ನೋಡಿದ್ದೇನೆ. ಗಟಾರಕ್ಕೆ ಜಗಳಾಡಲು ಹೋದರೂ, ನಳಕ್ಕೆ ಜಗಳಾಡಲು ಹೋದರೂ, ತಿರುಗಿ ಬರುವಾಗ ಏನಾದರೊಂದು ನಗುವ ಸಂಗತಿ ಸೆರಗಿಗೆ ಅಂಟಿಕೊಂಡೇ ಬರುತ್ತದೆ. ಈ ಸಲ ಅದು ನಮ್ಮ ಮನೆಯೊಳಗೇ ಹುಟ್ಟಿತು.

ನಾನು ಏಳನೇ ಇಯತ್ತೆವರೆಗೆ ಓದಿದವಳು. ಕಾಯ್ದೆ ಕಲಿತದ್ದು ಕಚೇರಿಗಳ ನೋಟಿಸ್ ಬೋರ್ಡಿನ ಮುಂದೆ ನಿಂತು. ಬೆಳಗಾವಿ ಹತ್ತಿರದ ನಮ್ಮ ಪೀರನವಾಡಿಯಲ್ಲಿ ಯಾರ ಪಿಂಚಣಿ ನಿಂತರೂ, ಯಾರ ಮನೆ ಮುಂದೆ ಕೊಳಚೆ ನಿಂತರೂ ಮನವಿ ಬರೆಯುವವಳು ನಾನು. ನಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ. ಮೈಕು, ಆಂಪ್ಲಿಫೈಯರ್, ಆರ್ಕೆಸ್ಟ್ರಾದವರ ಕೀಬೋರ್ಡು ರಿಪೇರಿ ಮಾಡುವ ಕೆಲಸ, ಬಾಯಿಗೆ ಬೀಗ. ನಾನು ಒದರುತ್ತೇನೆ, ಒದರುವ ಮೈಕಿನ ಭೋಂಗಾ ಕೆಟ್ಟರೆ ಅವರು ಸರಿಮಾಡಿ ಕೊಡುತ್ತಾರೆ. ಇಪ್ಪತ್ತೆರಡು ವರ್ಷದ ಸಂಸಾರ ಹೀಗೇ ಸುಖವಾಗಿ ನಡೆದಿದೆ.

ಕಣ್ಣು ಮುಚ್ಚಿದರೆ ಬಣ್ಣ

ಯಾವುದೋ ಆರ್ಕೆಸ್ಟ್ರಾ ಬೇಡವೆಂದು ಬಿಟ್ಟ ಹಳೇ ಕೀಬೋರ್ಡು ಇಟ್ಟುಕೊಂಡು ಯಜಮಾನರು ವರ್ಷಗಟ್ಟಲೆ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ರಿಪೇರಿ ಅಂದುಕೊಂಡಿದ್ದೆ. ಒಂದು ದಿನ ಹೊರಗೆ ಬಂದು ನನ್ನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟರು.

"ಎಂಟು ಹಾಡು ಮಾಡೇನಿ. ಕೇಳಿ ಹೇಳು."

"ಎಂಥಾ ಹಾಡು?"

"ಸೈಕೆಡೆಲಿಕ್ ಇಂಡೀ ಪಾಪ್ ಅಂತಾರ ಇದಕ್ಕ."

"ಇಂಡೀ ಅಂದ್ರೇನು?"

"ಯಾರ ಕೈಕೆಳಗೂ ಇಲ್ಲದ್ದು. ಸ್ವತಂತ್ರ."

ಈ ಮಾತು ನನಗೆ ಸೇರಿತು. "ಮತ್ತ ಸೈಕೆಡೆಲಿಕ್?"

"ಕಣ್ಣ ಮುಚ್ಚಿದ್ರ ಬಣ್ಣ ಕಾಣಬೇಕು."

ಆಮೇಲೆ ನೆಲ ನೋಡುತ್ತಾ ಹೇಳಿದರು: "ಅಮಾಸಿ ಮರುದಿನ ಖಾನಾಪುರದ ಆರ್ಕೆಸ್ಟ್ರಾದವರು ಕೀಬೋರ್ಡ್ ಕೇಳಾಕ ಬರ್ತಾರ. ನೀ ಚಲೋ ಇಲ್ಲ ಅಂದ್ರ ಕೊಟ್ಟು ಕೈ ತೊಳಕೋತೀನಿ. ಚಲೋ ಐತಿ ಅಂದ್ರ ಇಟ್ಕೋತೀನಿ. ನಿನಗ ಸುಳ್ಳು ಹೇಳಾಕ ಬರೂದಿಲ್ಲ, ಅದಕ್ಕ ನಿನ್ನ ಕೇಳಾಕತ್ತೀನಿ."

ಮದುವೆಯಾದ ಮೇಲೆ ಈ ಮನುಷ್ಯ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಾಲು ಕಾಯಲು ಇಟ್ಟು, ಕಣ್ಣು ಮುಚ್ಚಿ ಕೂತೆ. ಧ್ವನಿ ನೀರಿನೊಳಗಿಂದ ಬಂದಹಾಗೆ ಬಂತು. ಗಂಟೆ ಹಿಂದುಮುಂದಾಗಿ ಬಾರಿಸಿತು. ಯಾರೋ ದೂರದಲ್ಲಿ ಗುಳುಗುಳು ನಕ್ಕರು. ಎಚ್ಚರಾದಾಗ ಹಾಡು ಮುಗಿದಿತ್ತು, ಹಾಲು ಉಕ್ಕಿತ್ತು, ಯಜಮಾನರು ಎದುರಿಗೆ ನಿಂತಿದ್ದರು.

"ಹೆಂಗಿತ್ತು?"

"ನಿದ್ದಿ ಬಂತು."

"ಕನಸು ಬಿತ್ತೇನು?"

"ಬಿತ್ತು."

"ಬಣ್ಣದ್ದೇನು?" ಅಂತ ಆಸೆಯಿಂದ ಕೇಳಿದರು.

"ತಹಶೀಲ್ದಾರ ಬಂದಿದ್ದ," ಅಂದೆ. "ಬಿಳೀ ಅಂಗಿ."

ನಾನಿಯ ಒಂದು ಕಿವಿ

ತೀರ್ಪು ಕೊಡಲು ನಾನು ಹೆದರುವವಳಲ್ಲ. ಆದರೆ ತಿಳಿಯದ್ದಕ್ಕೆ ಹೇಗೆ ಕೊಡಲಿ? ಚಲೋ ಐತಿ ಅಂದರೆ ಸುಳ್ಳಾದೀತು. ಇಲ್ಲ ಅಂದರೆ ಅದೂ ಸುಳ್ಳಾದೀತು. ನನಗೆ ಗೊತ್ತಿರುವ ದಾರಿ ಒಂದೇ: ಸಹಿ ಸಂಗ್ರಹ. ಒಂದು ಹಾಳೆಯ ಮೇಲೆ ಮೂರು ಕಾಲಂ ಎಳೆದೆ. ಹೆಸರು, ಅಭಿಪ್ರಾಯ, ಸಹಿ. ಕೇಳಿದ ಜನ ಏನು ಹೇಳುತ್ತಾರೋ ಅದನ್ನೇ ಯಜಮಾನರ ಮುಂದೆ ಇಡುವುದು ಅಂತ ನಿಶ್ಚಯ ಮಾಡಿದೆ.

ಮೊದಲು ಹೋದದ್ದು ಬಾಜೂ ಮನೆಯ ನಾನಿಯ ಬಳಿ. ಎಂಬತ್ತು ದಾಟಿದ ಮುದುಕಿ, ಓಣಿಗೆಲ್ಲ ನಾನಿ, ಅಂದರೆ ಅಜ್ಜಿ. ಸೂಕ್ಷ್ಮವಾಗಿ ಕೇಳಲಿ ಅಂತ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಯಜಮಾನರು ಆ ಹಾಡಿನಲ್ಲಿ ಒಂದು ಕರಾಮತ್ತು ಮಾಡಿದ್ದರು. ಎಡಗಿವಿಯಲ್ಲಿ ಒಬ್ಬ ಹುಡುಗಿ ಪ್ರಶ್ನೆ ಕೇಳುತ್ತಾಳೆ, ಬಲಗಿವಿಯಲ್ಲಿ ಅವಳೇ ಉತ್ತರ ಕೊಡುತ್ತಾಳೆ. ನಾನಿಯ ಎಡಗಿವಿ ಹೋಗಿ ಎಷ್ಟೋ ವರ್ಷವಾಗಿದೆ ಅನ್ನುವುದು ನನಗೆ ನೆನಪಾಗಲಿಲ್ಲ.

ನಾನಿ ಕೇಳಿದಳು. ಹುಬ್ಬು ಗಂಟಿಕ್ಕಿದಳು.

"ಕ್ಯಾ ಬೋಲೂಂ ಬೇಟಿ," ಅಂದಳು ಕೊನೆಗೆ. "ಆವಾಜ್ ಚಲೋ ಅದ. ಖರೇ ಈ ಹುಡುಗಿ ಯಾರೂ ಏನೂ ಕೇಳದೇನ ಜವಾಬು ಕೊಡ್ತಾಳಲ್ಲ! ಥೇಟ್ ನಮ್ಮ ಸೊಸಿ."

ಒಳಗಿನಿಂದ ಸೊಸೆಯ ಧ್ವನಿ ಬಂತು: "ನಾನೆಲ್ಲಿ ಜವಾಬು ಕೊಟ್ಟೇನಿ?"

ಮಗ್ಗದ ಮನೆಯಲ್ಲಿ

ಖಾಸಬಾಗದಲ್ಲಿ ನನ್ನ ತವರಿನ ಓಣಿಯಲ್ಲಿ ಒಬ್ಬ ನೇಕಾರ ಅಣ್ಣಾ ಇದ್ದಾರೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ ಮಗ್ಗದ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಅಲುಗುವುದಿಲ್ಲ. ಕರೆಂಟಿನ ನಾಲ್ಕು ಮಗ್ಗ. ಆ ಗದ್ದಲದಲ್ಲೂ ಯಾವ ಮಗ್ಗದಲ್ಲಿ ಎಳೆ ಕಡಿಯಿತು ಅಂತ ಕಿವಿಯಿಂದಲೇ ಹೇಳುತ್ತಾರೆ. ಇಂಥ ಕಿವಿ ಬೇಕು ನನಗೆ ಅಂತ ಹೋಗಿ, ಸಣ್ಣ ಸ್ಪೀಕರು ಕಿಡಕಿಯಲ್ಲಿಟ್ಟು ಹಾಡು ಹಚ್ಚಿದೆ. ಅಣ್ಣಾರ ಬೆನ್ನು ಈ ಕಡೆ ಇತ್ತು, ನಾನು ಬಂದದ್ದು ಗೊತ್ತಿಲ್ಲ.

ಆ ಹಾಡಿನಲ್ಲಿ ಖಟ್ ಖಟ್ ಖಟ್ ಅಂತ ತಾಳ. ಎಂಟು ಪೆಟ್ಟಿಗೊಮ್ಮೆ ಒಂದು ಪೆಟ್ಟು ತಪ್ಪುತ್ತದೆ. ಅಣ್ಣಾ ಕಿವಿ ನೆಟ್ಟಗೆ ಮಾಡಿದರು. ಒಂದನೇ ಮಗ್ಗ ನಿಲ್ಲಿಸಿ ಬಗ್ಗಿ ನೋಡಿದರು. ಎಳೆ ಸರಿಯಾಗಿದೆ. ಎರಡನೇದು ನಿಲ್ಲಿಸಿದರು. ಮೂರನೇದು. ನಾಲ್ಕನೇದು. ನಾಲ್ಕೂ ನಿಂತವು, ಖಟ್ ಖಟ್ ನಿಲ್ಲಲಿಲ್ಲ.

"ಏ ಇವಳ," ಅಂತ ಗಾಬರಿಯಿಂದ ಹೆಂಡತಿಯನ್ನು ಕರೆದರು, "ನಮ್ಮನ್ಯಾಗ ಐದನೇ ಮಗ್ಗ ಯಾವಾಗ ಬಂತು?"

ನಾನು ಮುಂದೆ ಬಂದು ಸಂಗತಿ ಹೇಳಿದೆ. ಅಣ್ಣಾ ಕೂತು ಇನ್ನೊಮ್ಮೆ ಕೇಳಿದರು. "ಎಂಟಕ್ಕೊಂದು ಪೆಟ್ಟು ತಪ್ಪೈತಿ ನೋಡವಾ. ನಿನ್ನ ಗಂಡಗ ಹೇಳು."

"ತಪ್ಪಿಲ್ಲಣ್ಣಾ, ಬೇಕಂತ ಬಿಟ್ಟಾರ."

"ಬೇಕಂತ ತಪ್ಪು ಮಾಡ್ಯಾನ? ಅದಕ್ಕೊಂದು ಹೆಸರೈತೇನು?"

"ಐತಿ. ಸೈಕೆಡೆಲಿಕ್ ಅಂತಾರ."

ಅಣ್ಣಾ ಎದ್ದು ಅಡುಗೆಮನೆಯ ಕಡೆ ಒದರಿದರು: "ಏ, ಮೊನ್ನಿ ಅಂಚು ತಪ್ಪಿದ ಸೀರಿ ಐತೆಲ್ಲಾ, ಅದನ್ನ ಹಳೇ ಅರಿಬಿಗೆ ಪಾತ್ರಿ ಕೊಡೂ ಬಾಂಡೆದವಗ ಕೊಡಬ್ಯಾಡ! ಅದು ಸೈಕೆಡೆಲಿಕ್ ಸೀರಿ!"

ಗುಂಜಿಯ ಶ್ರೋತೃಗಳು

ಖಾನಾಪುರದ ಆಚೆಯ ಗುಂಜಿಗೆ ಹೋದದ್ದು ಹಾಡಿಗಲ್ಲ. ಕಾಡಿನ ಅಂಚಿನ ಹೊಲಗಳಲ್ಲಿ ಹಂದಿ ನುಗ್ಗಿ ಭತ್ತ ಹಾಳು ಮಾಡಿದ್ದವು, ರೈತರ ಮನವಿ ಬರೆಯಲು ಕರೆದಿದ್ದರು. ರೈಲಿನಲ್ಲಿ ಹೋದೆ, ಮನವಿ ಬರೆದೆ, ಚಹಾ ಕುಡಿಯುವಾಗ ಹಾಡೂ ಕೇಳಿಸಿದೆ. ಒಬ್ಬ ಮರಾಠಿ ಮಾತಾಡುವ ರೈತ ಎರಡೇ ನಿಮಿಷ ಕೇಳಿ ನೆಗೆದು ಎದ್ದ.

"ಅಕ್ಕಾ, ಹೇ ಮಲಾ ದ್ಯಾ! ಇದನ್ನ ನನಗ ಕೊಡ್ರಿ!"

ನನ್ನ ಎದೆ ಅರಳಿತು. "ಅಷ್ಟು ಸೇರಿತೇನ್ರಿ?"

"ಸೇರೂದಲ್ಲ ಅಕ್ಕಾ, ನನಗ ಅಂಜಿಕಿ ಬಂತು. ಹಂದಿಗೆ ಬರೂದಿಲ್ಲೇನು?"

ಹಂದಿ ಓಡಿಸಲು ಹೊಲದಲ್ಲಿ ಭೋಂಗಾ ಕಟ್ಟಿ ನಾಯಿ ಬೊಗಳಿದ್ದು, ಪಟಾಕಿ ಸಿಡಿದದ್ದು ಹಚ್ಚುವುದು ಅಲ್ಲಿ ರೂಢಿ. ಆ ಸದ್ದುಗಳಿಗೆ ಹಂದಿಗಳು ಸೊಪ್ಪು ಹಾಕದಾಗಿದ್ದವು. ಸಿಟ್ಟು ಬಂತು, ಆದರೂ ರೈತನ ಕೆಲಸ ಅಂತ ಹಾಡು ಕೊಟ್ಟು ಬಂದೆ. ವಾರದ ಮೇಲೆ ಫೋನ್ ಬಂತು.

"ಏನಾತ್ರಿ?"

"ಮೊದಲನೇ ಸಂಜಿ ಓಡಿದವು ಅಕ್ಕಾ. ಭಾರೀ ಓಡಿದವು."

"ಎರಡನೇ ದಿನ?"

"ನಿಂತು ಕೇಳಿದವು."

"ಮೂರನೇ ದಿನ?"

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. "ಮರಿಗೋಳನ್ನೂ ಕರಕೊಂಡು ಬಂದವು."

ಹಾಳೆಯಲ್ಲಿ ಬರೆದುಕೊಂಡೆ: ಗುಂಜಿ, ಕುಟುಂಬ ಸಮೇತ, ಸಹಿ ಇಲ್ಲ.

ಗೊತ್ತಿದ್ದವರು

ಇಷ್ಟಾದ ಮೇಲೆ ಸಂಗೀತ ಗೊತ್ತಿದ್ದವರನ್ನೇ ಕೇಳೋಣ ಅಂತ ಬೆಳಗಾವಿ ಊರೊಳಗಿನ ಒಬ್ಬ ನಿವೃತ್ತ ಪ್ರಾಧ್ಯಾಪಕರ ಮನೆಗೆ ಹೋದೆ. ಸಂಗೀತ ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸುವವರು. ಎಲ್ಲದಕ್ಕೂ ಬೆಣ್ಣೆ ಹಚ್ಚುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೆ ಗರಜು ನನ್ನದು.

"ಹಚ್ಚಮ್ಮಾ," ಅಂದು ಕಣ್ಣು ಮುಚ್ಚಿದರು. ನಾನು ಸ್ಪೀಕರಿನ ಗುಂಡಿ ಹುಡುಕುತ್ತಿದ್ದೆ.

"ವಾಹ್!" ಅಂದರು. "ಏನು ಗಾಂಭೀರ್ಯ! ಒಂದೇ ಸ್ವರ ಹಿಡಿದು ನಿಂತಾನ ನೋಡು. ತಂಬೂರಿಯಂಥಾ ಗುಂಜನ. ತಪಸ್ಸು ಮಾಡಿದವಗಷ್ಟೇ ಸಾಧ್ಯ."

"ಹಾಡು ಇನ್ನೂ ಹಚ್ಚಿಲ್ರಿ ಸರ," ಅಂದೆ. "ಅದು ನಿಮ್ಮ ಫ್ರಿಜ್ಜು."

ಹಿಂಬರಹ

ಅಮಾವಾಸ್ಯೆ ಹತ್ತಿರ ಬಂತು. ನನ್ನ ಹಾಳೆಯಲ್ಲಿ ಒಬ್ಬ ಸೊಸೆಯ ಜಗಳ, ಒಂದು ತಪ್ಪಿದ ಸೀರೆ, ಒಂದು ಹಂದಿ ಸಂಸಾರ, ಒಂದು ಫ್ರಿಜ್ಜು. ಎಂಟೂ ಹಾಡನ್ನು ಪೂರ್ತಿ ಕೇಳಿದವರು ಒಬ್ಬರೂ ಇಲ್ಲ. ಯಜಮಾನರು ಕೀಬೋರ್ಡಿನ ಧೂಳು ಒರೆಸಿ, ವೈರು ಸುತ್ತಿ, ಹಳೇ ಚಾದರದಲ್ಲಿ ಕಟ್ಟಿಟ್ಟರು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇದರ ನಡುವೆ ನಮ್ಮ ಓಣಿಯ ನೀರಿನ ಜಗಳ ಬೇರೆ. ಮೇಲಿನ ಓಣಿ ಅಂತ ನಮಗೆ ನೀರೇ ಏರುತ್ತಿರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಹನ್ನೊಂದು ಮನವಿ ಕೊಟ್ಟಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಹನ್ನೆರಡನೇ ಸಲ ಹೋದಾಗ ಅಲ್ಲಿನ ಗುಮಾಸ್ತ, "ಕಾಗದ ಬ್ಯಾಡ್ರಿ ಅಕ್ಕಾರ, ಎಲ್ಲಾ ಕಂಪ್ಯೂಟರ್ ಆಗೇತಿ, ಪೆನ್ ಡ್ರೈವ್‌ನಾಗ ತರ್ರಿ" ಅಂದ. ಮನವಿ ಟೈಪು ಮಾಡಿಸಿ, ಪೆನ್ ಡ್ರೈವ್‌ಗೆ ಹಾಕಿಸಿ ಕೊಟ್ಟು, ಸ್ವೀಕೃತಿ ಸಿಕ್ಕಾ ಹೊಡೆಸಿಕೊಂಡೇ ಬಂದೆ.

ನಾಲ್ಕನೇ ದಿನ ಬೆಳಿಗ್ಗೆ ಓಣಿಯಲ್ಲಿ ಜೀಪು ಬಂದು ನಿಂತಿತು. ಒಬ್ಬ ಇಂಜಿನಿಯರು, ಒಬ್ಬ ವಾಲ್ವ್ ತಿರುಗಿಸುವವನು. ಇಬ್ಬರೂ ಮನೆಮನೆಯ ನಳಕ್ಕೆ ಕಿವಿ ಹಚ್ಚಿ ಕೂತರು.

"ಏನ್ ಕೇಳಾಕತ್ತೀರ್ರಿ?" ಅಂತ ಗದರಿಸಿದೆ.

"ನಗೂದು ಅಕ್ಕಾರ," ಅಂದ ವಾಲ್ವಿನವನು. "ಯಾವ ನಳ ನಗತೈತಿ ಅಂತ ಸಾಹೇಬರಿಗೆ ವರದಿ ಕೊಡಬೇಕು."

ಇವರಿಗೆ ಬಿಸಿಲು ಬಡಿದಿದೆ ಅಂದುಕೊಂಡೆ. ಅವರು ಕೆಳಗಿನ ವಾಲ್ವಿನಲ್ಲಿ ಏನೋ ಬಿಚ್ಚಿ ಏನೋ ಕಟ್ಟಿ ಹೋದರು. ಮಧ್ಯಾಹ್ನ ನಳ ಗೊಳಗೊಳ ಅಂತು, ಗಾಳಿ ಬಿಟ್ಟಿತು, ಆಮೇಲೆ ನೀರು. ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ಕುಣಿಯುವುದೊಂದು ಬಾಕಿ.

ಮರುದಿನ ಕಚೇರಿಯಿಂದ ಹಿಂಬರಹ ಬಂತು. ಓದಿದವಳೇ ಮನೆಯಲ್ಲುಳಿದ ಪೆನ್ ಡ್ರೈವ್ ಸ್ಪೀಕರಿಗೆ ಸಿಕ್ಕಿಸಿದೆ, ಒಂದು ಹಾಡೂ ಬರಲಿಲ್ಲ. ಯಜಮಾನರು ಪೆನ್ ಡ್ರೈವ್‌ಗಳನ್ನು ಒಂದೇ ನಮೂನೆಯಲ್ಲಿ ತರುತ್ತಾರೆ. ನಾನು ಕಚೇರಿಗೆ ಕೊಟ್ಟು ಸಿಕ್ಕಾ ಹೊಡೆಸಿದ್ದು ಎಂಟು ಹಾಡಿನದು.

ಹಿಂದೊಮ್ಮೆ ಆ ಕಚೇರಿಯ ಬಾಗಿಲಲ್ಲಿ ಖಾಲಿ ಕೊಡ ಬಡಿಯುತ್ತಾ ಮೂರು ದಿನ ಕೂತವಳು ನಾನು. ಹಾಗಾಗಿ ವಾಪಸ್ಸು ಕಳಿಸುವ ಧೈರ್ಯ ಯಾರಿಗೂ ಆಗಿಲ್ಲ. ಇವಳು ಹೋರಾಟದ ಹೊಸ ರೀತಿ ತೆಗೆದಿದ್ದಾಳೆ ಅಂತ ತಿಳಿದು, ಸಾಹೇಬರು ಸಿಬ್ಬಂದಿಯನ್ನೆಲ್ಲ ಸಭೆ ಕೂಡಿಸಿ, ಬೇಡಿಕೆ ಎಲ್ಲಿದೆ ಅಂತ ಎಂಟೂ ಹಾಡು ಕೇಳಿಸಿದ್ದಾರೆ ಅಂತ ಗುಮಾಸ್ತ ಆಮೇಲೆ ಹೇಳಿದ. ಉತ್ತರ ಹೀಗಿತ್ತು:

"ಹಾಡು ೧ರಲ್ಲಿ ನಳವು ನಗುತ್ತಿರುವುದಾಗಿ ತಿಳಿಸಿರುತ್ತೀರಿ. ಸ್ಥಳ ಪರಿಶೀಲಿಸಲಾಗಿ, ಕೊಳವೆಯಲ್ಲಿ ಗಾಳಿ ಸೇರಿದ್ದು ನಿಜವೆಂದು ಕಂಡುಬಂದಿದ್ದು, ಸದರಿ ನಗೆಯನ್ನು ನಿವಾರಿಸಲಾಗಿದೆ.

ಹಾಡು ೩ರಲ್ಲಿ ಮೋಡದ ಮೇಲೆ ಮನೆ ಕಟ್ಟಿದ ಮೀನಿಗೆ ನೀರು ಕೋರಿರುತ್ತೀರಿ. ಸದರಿ ಮೀನು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿರುವುದಿಲ್ಲ.

ಹಾಡು ೫ರಲ್ಲಿ ಎಮ್ಮೆಯು ಚಂದ್ರನನ್ನು ಕುಡಿದ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬಾರದ ಕಾರಣ ಪಶುವೈದ್ಯರಿಗೆ ವರ್ಗಾಯಿಸಲಾಗಿದೆ.

ಹಾಡು ೮ರಲ್ಲಿ ಯಾವುದೇ ಮಾತುಗಳಿಲ್ಲದಿದ್ದರೂ ಸಿಬ್ಬಂದಿಯ ಕೋರಿಕೆಯ ಮೇರೆಗೆ ಮೂರು ಬಾರಿ ಕೇಳಲಾಗಿದೆ. ಈ ಬಗ್ಗೆ ಕಚೇರಿಯ ಆಕ್ಷೇಪಣೆ ಇರುವುದಿಲ್ಲ."

ಯಜಮಾನರ ಕೈಗೆ ಕೊಟ್ಟೆ. ನಿಂತೇ ಓದಿದರು. ಕೊನೆಯ ಸಾಲಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತರು.

"ಮೂರು ಸಲ ಕೇಳ್ಯಾರ," ಅಂದರು ಮೆಲ್ಲಗೆ.

"ಸರಕಾರಿ ಜನ," ಅಂದೆ. "ನನ್ನ ಹನ್ನೊಂದು ಮನವಿ ಒಂದು ಸಲಾನೂ ಓದಿಲ್ಲ."

ಅವರು ಒಳಗೆ ಹೋಗಿ ಚಾದರದ ಗಂಟು ಬಿಚ್ಚಿದರು. ಆರ್ಕೆಸ್ಟ್ರಾದವರಿಗೆ ಬರಬೇಡಿ ಅಂತ ನಾನೇ ಫೋನ್ ಮಾಡಿದೆ. ಆಮೇಲೆ ಕೋಣೆಯ ಬಾಗಿಲಲ್ಲಿ ನಿಂತು ನನ್ನ ತೀರ್ಪು ಹೇಳಿದೆ: "ನೋಡ್ರಿ, ನಿಮ್ಮ ಹಾಡು ನನಗ ಇನ್ನೂ ತಿಳಿದಿಲ್ಲ, ಸುಳ್ಳು ಹೇಳೂದಿಲ್ಲ. ಖರೇ ಕೆಲಸ ಮಾಡ್ತೈತಿ. ಮುಂದಿಂದು ಗಟಾರದ ಮ್ಯಾಲ ಒಂದು ಮಾಡ್ರಿ."

ಇಪ್ಪತ್ತೆರಡು ವರ್ಷ ನನಗೆ ಎದುರಾಡದ ಮನುಷ್ಯ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

"ಬಾಯಿಲೆ ಹೇಳಿದ್ರ ಆಗೂದಿಲ್ಲ," ಅಂದರು. "ಲಿಖಿತ ಮನವಿ ಕೊಡು. ಪರಿಶೀಲಿಸ್ತೀನಿ."