ನನ್ನ ಬಾಯಿಗೆ ಸಿಕ್ಕ ನಾಲ್ಕು ಫ್ಲ್ಯಾಟುಗಳು

ಈ ವಯಸ್ಸಿಗೆ ನಾನು ಮಗಳ ಹತ್ತಿರ ಬೈಸಿಕೊಂಡಿದ್ದೇನೆ, ಹಾಲಿನವನ ಹತ್ತಿರವೂ ಬೈಸಿಕೊಂಡಿದ್ದೇನೆ. ಅದಕ್ಕೆಲ್ಲ ಬೇಜಾರಿಲ್ಲ. ಆದರೆ ಒಂದು ಫೋನು, ಅದೂ ನನ್ನದಲ್ಲದ ಫೋನು, ನಾನು ಆಡಿದ ಮಾತನ್ನೇ ಊರಿಗೆಲ್ಲ ಓದಿ ಹೇಳಿ ನನ್ನ ಅಳಿಯಂದಿರನ್ನು ಬಳ್ಳಾರಿಗೆ ಅಟ್ಟಲು ಹೊರಟಿತಲ್ಲ, ಆ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನೀವು ಸಿಕ್ಕಿದ್ದೀರಿ, ಕೇಳಿ.

ಅಳಿಯಂದಿರು ಯೋಗರಾಜ್ ಫ್ಲ್ಯಾಟು ಮಾರುವ ಕೆಲಸದಲ್ಲಿದ್ದಾರೆ. ಶಿವಮೊಗ್ಗದ ಹೊಸಮನೆಯಲ್ಲಿ ಐದು ಅಂತಸ್ತಿನ ಕಟ್ಟಡ. ಅದರ ಎರಡನೇ ಮಹಡಿಯಲ್ಲೇ ಅವರ ಸಂಸಾರ. ಭದ್ರಾವತಿಯ ಜನ್ನಾಪುರ ಬಿಟ್ಟು ಬಂದು ಮೂರು ವರ್ಷದಿಂದ ನಾನೂ ಅವರ ಜೊತೆಗಿದ್ದೇನೆ. ಮಗಳು ಶೀಲಾ ಪಕ್ಕದ ಬೀದಿಯ ಶಾಲೆಯಲ್ಲಿ ಟೀಚರು. ಇಪ್ಪತ್ತು ಮನೆಗಳಲ್ಲಿ ಹದಿನಾರು ಮಾರಾಟವಾದವು, ನಾಲ್ಕು ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ದೀಪಾವಳಿಯೊಳಗೆ ಅವು ಹೋಗದಿದ್ದರೆ ನಿನ್ನನ್ನು ಬಳ್ಳಾರಿಯ ಕಟ್ಟಡಕ್ಕೆ ಹಾಕುತ್ತೇನೆ ಎಂದು ಮಾಲೀಕರು ಅಳಿಯಂದಿರಿಗೆ ಹೇಳಿಬಿಟ್ಟರು. ಗಂಡ ಬಳ್ಳಾರಿಯಲ್ಲಿ, ಹೆಂಡತಿ ಶಿವಮೊಗ್ಗದಲ್ಲಿ. ಮದುವೆಯಾಗಿ ಇನ್ನೂ ನಾಲ್ಕು ವರ್ಷ ತುಂಬಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಳಿಯಂದಿರು ಒಂದು ಸಂಜೆ ವ್ಯಾಪಾರಶಾಸ್ತ್ರವನ್ನೇ ಬೋಧಿಸಿದರು. ಮೊದಲಾದರೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಬೋರ್ಡು ನಿಲ್ಲಿಸಿದರೆ ಜನ ನಂಬರು ನೋಡಿ ಫೋನು ಮಾಡುತ್ತಿದ್ದರಂತೆ. ಈಗ ಬೋರ್ಡಿನ ಕಡೆ ಯಾರೂ ಕತ್ತೆತ್ತುವುದಿಲ್ಲ. ವಯಸ್ಸಾದ ತಾಯಿಯ ಜೊತೆ ಇರುವುದಕ್ಕೆ ಯಾವ ಫ್ಲ್ಯಾಟು ಒಳ್ಳೆಯದು ಎಂದು ಫೋನನ್ನೇ ಕೇಳುತ್ತಾರೆ. ಫೋನಿನೊಳಗಿರುವ ಎಐ ಎಂಬ ಸರ್ವಜ್ಞ ಎಲ್ಲೆಲ್ಲಿ ಏನೇನು ಬರೆದಿದೆಯೋ ಅದನ್ನೆಲ್ಲ ಓದಿ, ಸೋಸಿ, ಮದುವೆ ದಲ್ಲಾಳಿಯ ಹಾಗೆ ಒಂದೇ ತೀರ್ಪು ಕೊಡುತ್ತದೆ. ಕಂಪನಿಯವರು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ 'ಭವ್ಯ ಜೀವನಶೈಲಿ'ಯನ್ನು ಅದು ಮೂಸಿಯೂ ನೋಡುವುದಿಲ್ಲ. ಅಲ್ಲೇ ವಾಸವಿರುವವರ ಮಾತೆಂದರೆ ಮಾತ್ರ ಅದಕ್ಕೆ ನಂಬಿಕೆಯಂತೆ.

"ಅತ್ತೆ, ನಿಮಗೆ ಮನೆ ಹೇಗನ್ಸುತ್ತೋ ಹಾಗೇ ಹೇಳಿಬಿಡಿ. ಫೋನೇ ಬರ್ಕೊಳ್ಳುತ್ತೆ," ಎಂದು ಅವರು ಫೋನನ್ನು ನನ್ನ ಮುಂದಿಟ್ಟು, ಇನ್ನೊಂದು ಫೋನಿನಲ್ಲಿ ಮಾತಾಡುತ್ತ ಬಾಲ್ಕನಿಗೆ ಹೋದರು.

ಇಲ್ಲೇ ನಾನು ಎಡವಿದ್ದು. ಈಗ ನೀವೇ ಹೇಳಿ, ಮನೆ ಹೇಗಿದೆ ಎಂದು ಕೇಳಿದರೆ ತಿಳಿದವರು ಯಾರಾದರೂ 'ಚೆನ್ನಾಗಿದೆ' ಎನ್ನುತ್ತಾರೆಯೇ? ದೃಷ್ಟಿ ತಾಗುವುದಿಲ್ಲವೇ? ಗುಂಡುಗುಂಡಾದ ಮಗುವನ್ನು ಎತ್ತಿಕೊಂಡು 'ಏನು ಹೀಗೆ ಸೊರಗಿದೆ' ಎನ್ನುವವರು ನಾವು. ಇದೇ ಕಟ್ಟಡದ ಬಾಗಿಲಿಗೆ ಮಾಲೀಕರು ಬೂದುಗುಂಬಳಕಾಯಿ ತೂಗುಹಾಕಿಲ್ಲವೇ? ಆ ಕಾಯಿ ಮಾಡುವ ಕೆಲಸವನ್ನೇ ನಾನು ಬಾಯಿಂದ ಮಾಡಿದೆ, ಅಷ್ಟೇ.

"ಎಂಥ ಮನೆ ಮಾರಾಯ್ತಿ," ಎಂದೆ. (ಆ ಫೋನು ಹೆಣ್ಣು ದನಿಯಲ್ಲಿ ಮಾತಾಡುತ್ತದೆ.) "ಗಾಳಿ ಅಂದ್ರೆ ಗಾಳಿ. ಕೊನೇ ಸೀರೆ ಒಣಹಾಕೋದ್ರೊಳಗೆ ಮೊದಲ್ನೇದು ಒಣಗಿರುತ್ತೆ. ಬೆಳಿಗ್ಗೆ ಬಿಸಿಲು ಸೀದಾ ಅಡುಗೆಮನೆಗೇ ನುಗ್ಗುತ್ತೆ. ನಲ್ಲಿ ತಿರುಗಿಸಿದ್ರೆ ನೀರು ಮುಖಕ್ಕೇ ರಾಚುತ್ತೆ. ಅಕ್ಕಪಕ್ಕದವ್ರು ಹೇಳದೆ ಕೇಳದೆ ಬಂದು ಪಲ್ಯ ಇಟ್ಟು ಹೋಗ್ತಾರೆ, ನೆಮ್ಮದಿಯಾಗಿ ಒಂದು ದಿನ ಹಸಿದ್ಕೊಂಡು ಇರೋ ಹಾಗಿಲ್ಲ."

ಅಳಿಯಂದಿರು ಬಂದು, ಓದಿಯೂ ನೋಡದೆ, ಬೆರಳಿನಲ್ಲಿ ಒತ್ತಿ, ಜನ ಮನೆಗಳ ಬಗ್ಗೆ ಅಭಿಪ್ರಾಯ ಬರೆಯುವ ಕಡೆಗೆ ಕಳಿಸಿದರು. ಅತ್ತೆಯ ಮೇಲೆ ಅಷ್ಟು ವಿಶ್ವಾಸ.

ಎರಡು ವಾರ ಒಂದು ವಿಚಾರಣೆಯೂ ಬರಲಿಲ್ಲ. ಏನಾಯಿತೆಂದು ಶೀಲಾ ನಮ್ಮೆದುರೇ ಫೋನನ್ನು ಕೇಳಿದಳು. ಅದು ಕೋರ್ಟಿನ ಭಾಷೆಯಲ್ಲಿ ಉತ್ತರಿಸಿತು: "ಈ ಕಟ್ಟಡದಲ್ಲಿ ಅತಿಯಾದ ಗಾಳಿ, ಅಡುಗೆಮನೆಯಲ್ಲಿ ತೀವ್ರ ಬಿಸಿಲು, ನಿಯಂತ್ರಣವಿಲ್ಲದ ನೀರಿನ ಒತ್ತಡ ಹಾಗೂ ನೆರೆಹೊರೆಯವರ ಪಲ್ಯಸಹಿತ ಅತಿಕ್ರಮ ಪ್ರವೇಶ ಇರುವುದಾಗಿ ಹಿರಿಯ ನಿವಾಸಿಯೊಬ್ಬರು ದೂರಿದ್ದಾರೆ. ವಯಸ್ಸಾದವರಿಗೆ ಸೂಕ್ತವಲ್ಲ."

ಶೀಲಾ ನನ್ನ ಕಡೆ ತಿರುಗಿದಳು. "ಅಮ್ಮಾ, ಅದೇನು ಜನ್ನಾಪುರದ ನಲ್ಲಿಕಟ್ಟೆನಾ? ಅದಕ್ಕೆ ದೃಷ್ಟಿಗಿಷ್ಟಿ ಎಲ್ಲ ತಿಳಿಯುತ್ತಾ?"

"ಪ್ರಪಂಚದ್ದೆಲ್ಲ ಓದಿದೆ ಅಂತೀರ. ಇಷ್ಟೂ ತಿಳಿಯಲ್ವಾ ಅದಕ್ಕೆ?"

ಅಳಿಯಂದಿರು ಫೋನು ತೆಗೆದುಕೊಂಡು ಕೂತರು. (ಬೈದಿದ್ದರೆ ಹಗುರವಾಗುತ್ತಿತ್ತು.) ನಾನು ಹೇಳಿದ್ದನ್ನು ಅಳಿಸಿಹಾಕಿದರು. ಆದರೂ ಫೋನು ಮಾತ್ರ, ಹಳೇ ಜಗಳ ಮರೆಯದ ನಾದಿನಿಯ ಹಾಗೆ, ಯಾರು ಕೇಳಿದರೂ ಅದನ್ನೇ ಹೇಳುತ್ತಿತ್ತು. ಬಳ್ಳಾರಿಯಲ್ಲಿ ಬಾಡಿಗೆ ರೂಮು ಹುಡುಕುವುದು ಶುರುವಾಯಿತು. ಅಲ್ಲಿಯ ಸೆಕೆಗೆ ಬೇಡವೆಂದು ಶೀಲಾ ಗಂಡನ ಸ್ವೆಟರನ್ನು ಮಡಿಸಿ ಬೀರುವಿನ ಒಳಕ್ಕೆ ತಳ್ಳಿದಳು. ಅದನ್ನು ನೋಡಿ ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಮುಂದೆ ಯಾರಾದರೂ ಮನೆ ನೋಡಲು ಬಂದರೆ ನಾನು ಆಡಬೇಕಾದದ್ದು ಒಂದೇ ಮಾತು, 'ಚೆನ್ನಾಗಿದೆ' ಎಂದು ಅಳಿಯಂದಿರು ಕೈಮುಗಿದು ಹೇಳಿದರು. ಕುಕ್ಕರಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಪ್ರತಿ ಸಲ ಹೇಳಿದಾಗಲೂ ಯಾರದ್ದೋ ಮನೆಯ ಬೆಲ್ಲ ಕದ್ದ ಹಾಗಾಗುತ್ತಿತ್ತು.

ಅದರ ಮುಂದಿನ ಭಾನುವಾರ ಭದ್ರಾವತಿಯಿಂದ ಒಬ್ಬರು ಬಂದರು. ಕಾಶಮ್ಮ ಅಂತ, ಹೆಚ್ಚುಕಡಿಮೆ ನನ್ನ ವಯಸ್ಸೇ, ಜೊತೆಗೆ ಮಗ ಗುರುಪ್ರಸಾದ್. ನಮ್ಮ ಎದುರಿಗಿರುವ ಫ್ಲ್ಯಾಟು ನೋಡಿ, ನೀರು ಕುಡಿಯಲು ನಮ್ಮಲ್ಲಿಗೆ ಬಂದು ಕೂತರು.

"ಹೇಗಿದೆ ಇಲ್ಲಿ?" ಎಂದರು ಕಾಶಮ್ಮ.

"ಚೆನ್ನಾಗಿದೆ," ಎಂದೆ.

"ನೀರು?"

"ಚೆನ್ನಾಗಿದೆ."

"ಜನ?"

"ಚೆನ್ನಾಗಿದೆ."

ಕಾಶಮ್ಮ ಲೋಟ ಕೆಳಗಿಟ್ಟರು. "ಏಳೋ ಗುರು, ಹೋಗಣ. ಇವ್ರು ಕಂಪನಿ ಕಡೆಯವ್ರು." ಆಮೇಲೆ ಅಳಿಯಂದಿರ ಕಡೆ ತಿರುಗಿ, ಫೋನು ಹೇಳಿದ್ದನ್ನು ಕೇಳಿ ಮಗ ಈ ಮನೆಯೇ ಬೇಡ ಎಂದಿದ್ದನೆಂದೂ, ತಾವೇ ಹಟ ಹಿಡಿದು ಅವನನ್ನು ಎಳೆದುಕೊಂಡು ಬಂದದ್ದೆಂದೂ ಹೇಳಿದರು. "ಪಲ್ಯ ತಂದು ಕೊಡ್ತಾರೆ ಅಂತ ಬೈದಿದಾರಲ್ಲ ಒಬ್ರು, ಅವ್ರಿಗೆ ಮನೆ ಮೇಲೆ ಎಷ್ಟು ಆಸೆ ಇರ್ಬೇಕು. ಆ ಅಮ್ಮನ್ನ ನೋಡೋಕೇ ಬಂದೆ. ಎಲ್ಲಿದಾರೆ?"

"ಅದು ನಾನೇ," ಎಂದೆ.

ಅಂಗಡಿಯವನು ಹರಿದ ನೋಟನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ನೀವಾ? ಮಗ್ಗಿ ಒಪ್ಪಿಸ್ದಂಗೆ ಮಾತಾಡ್ತಿದೀರಿ."

ನಾನು ಅಳಿಯಂದಿರ ಮುಖ ನೋಡಿದೆ. ಹೊರಟುಹೋಗುತ್ತಿರುವ ಕೊನೇ ಬಸ್ಸನ್ನು ನೋಡುವವರ ಮುಖ ಅದು. ಕೊಟ್ಟ ಮಾತು ಉಳಿಸಿಕೊಂಡರೆ ಗಿರಾಕಿ ಹೋಗುತ್ತಾರೆ, ಮುರಿದರೆ ಏನಾಗುತ್ತದೋ ದೇವರಿಗೇ ಗೊತ್ತು. ಅವರು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತಲೆಯಾಡಿಸಿದರು.

ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದೆ. ಗಾಳಿಯನ್ನು ಬೈದೆ, ಬಿಸಿಲನ್ನು ಬೈದೆ. ಒತ್ತಿದ ಕೂಡಲೇ ಬಂದು ನಿಂತು, ಕಾಯುತ್ತ ಒಂದು ಗಳಿಗೆ ಹರಟೆ ಹೊಡೆಯಲೂ ಬಿಡದ ಲಿಫ್ಟನ್ನು ಬೈದೆ. ಬೈಯುವುದಕ್ಕೆ ಕಟ್ಟಡದಲ್ಲಿ ಇನ್ನೇನೂ ಉಳಿಯದೆ ಕೊನೆಗೆ ಅಳಿಯಂದಿರನ್ನೇ ಹಿಡಿದುಕೊಂಡೆ. "ಇಂಥ ಅಳಿಯ ಯಾರಿಗೂ ಬೇಡ ಕಾಶಮ್ಮ. ಮಂಡಿ ನೋವು ಅಂದ್ರೆ ಸಾಕು, ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾರೆ. ನಂಗಿಷ್ಟ ಬಂದ ಹಾಗೆ ನರಳೋಕೂ ಬಿಡಲ್ಲ."

ಕಾಶಮ್ಮ ಮತ್ತೆ ಕೂತರು. ಚೀಲವನ್ನು ಕಾಲ ಬಳಿ ಇಟ್ಟುಕೊಂಡರು. "ಕಾಫಿ ಇದ್ರೆ ಅರ್ಧ ಲೋಟ ಕೊಡಿ. ಗುರು, ಮುಂಗಡ ಇವತ್ತೇ ಕೊಟ್ಬಿಡು."

ಅಳಿಯಂದಿರು ಕಣ್ಣು ಬಿಟ್ಟರು. ಹದಿನೈದು ದಿನದ ಮೇಲೆ ನಾನೂ ಸರಿಯಾಗಿ ಉಸಿರಾಡಿದೆ. ಕಾಶಮ್ಮ ಊರಿಗೆ ಹೋಗಿ, ತಾವು ಕೊಂಡ ಮನೆಯನ್ನು ನೆಂಟರಿಷ್ಟರ ಮುಂದೆ ವಾರವಿಡೀ ಹೀನಾಮಾನ ಬೈದರಂತೆ. ಕೇಳಿದವರಿಗೆ ತಡೆಯಲಾಗಲಿಲ್ಲ. ಉಳಿದ ಮೂರು ಮನೆಗಳೂ ದೀಪಾವಳಿಗೆ ಮುಂಚೆಯೇ ಹೋದವು. ಬಳ್ಳಾರಿಗೆ ಬೇರೆ ಯಾರನ್ನೋ ಹಾಕಿದರು. ಶೀಲಾ ಹಬ್ಬಕ್ಕೆ ಹೋಳಿಗೆ ಮಾಡಿದಳು. (ಗಟ್ಟಿಯಾಗಿದ್ದವು. ಅರ್ಥ ಮಾಡಿಕೊಳ್ಳಿ.)

ಕಾಶಮ್ಮ ಎದುರು ಮನೆಗೆ ಬಂದು ಎರಡು ತಿಂಗಳಾಯಿತು. ಫೋನು ಈಗೇನು ಹೇಳುತ್ತದೋ ನೋಡೋಣ ಎಂದು ಮೊನ್ನೆ ಅಳಿಯಂದಿರು ಖುಷಿಯಲ್ಲಿ ಮತ್ತೆ ಕೇಳಿದರು. ಅದು ಹೇಳಿತು: "ಕಟ್ಟಡ ಉತ್ತಮವಾಗಿದೆ. ಆದರೆ ಎರಡನೇ ಮಹಡಿಯ ಹಿರಿಯ ಮಹಿಳೆಯೊಬ್ಬರು ಎದುರು ಸಿಕ್ಕವರನ್ನು ಗಂಟೆಗಟ್ಟಲೆ ನಿಲ್ಲಿಸಿಕೊಂಡು ಮಾತಾಡುತ್ತಾರೆ, ಅವರ ಮನೆಯ ಕಾಫಿ ತೆಳು ಎಂದು ಹೊಸ ನಿವಾಸಿಯೊಬ್ಬರು ತಿಳಿಸಿದ್ದಾರೆ."

ನನಗೆ ಕಣ್ಣು ತುಂಬಿ ಬಂತು. "ನೋಡಿದ್ರಾ, ನಂಗೂ ದೃಷ್ಟಿ ಆಗ್ಬಾರ್ದು ಅಂತ ಕಾಶಮ್ಮ ಎಷ್ಟು ಕಾಳಜಿ ಮಾಡಿದಾರೆ," ಎಂದೆ.

ಅಳಿಯಂದಿರು ಶೀಲಾಳನ್ನು ನೋಡಿದರು. ಶೀಲಾ ಫ್ಯಾನನ್ನು ನೋಡಿದಳು.

"ಕಾಫಿ ವಿಷಯ ದೃಷ್ಟಿಗೇ ಹೇಳಿರ್ಬೇಕು ಅಮ್ಮಾ," ಎಂದಳು.

ಇನ್ನೊಂದು ವಿಷಯ, ಆ ಗಂಟೆಗಟ್ಟಲೆ ಮಾತಿನ ಬಗ್ಗೆಯೂ ಏನಾದರೂ ಹೇಳುತ್ತಾಳೆಂದು ಬಹಳ ಹೊತ್ತು ಕಾದೆ. ಅವಳು ಮಕ್ಕಳ ನೋಟ್‌ಬುಕ್ ತಿದ್ದಲು ಕೂತುಬಿಟ್ಟಳು.